ಗ್ರಾಮಾಡಳಿತದಲ್ಲಿ ಮಹಿಳೆಗೆ ಸ್ಥಾನ ಕಲ್ಪಿಸಿದ ದಿವಂಗತ ಅಬ್ದುಲ್ ನಜೀರ್ ಸಾಬ್: ಜೀವನ ಮತ್ತು ಸಾಧನೆ

ಪೀಠಿಕೆ

ಕರ್ನಾಟಕದ ಗ್ರಾಮೀಣ ಜನತೆಯಿಂದ ಪ್ರೀತಿಪೂರ್ವಕವಾಗಿ ನೀರ್ ಸಾಬ್ ಎಂದು ಕರೆಸಿಕೊಂಡ ದಿವಂಗತ ಅಬ್ದುಲ್ ನಜೀರ್ ಸಾಬ್ ಅವರು 1983ರಿಂದ 1988ರವರೆಗಿನ ಅವಧಿಯಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಸಚಿವರಾಗಿ ಸೇವೆ ಸಲ್ಲಿಸಿದರು. ಬರಪೀಡಿತ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸಿದವರು ಹಾಗೂ ಅಧಿಕಾರ ವಿಕೇಂದ್ರೀಕರಣದ ರೂವಾರಿ ಎಂದು ಅವರು ನಾಡಿನಾದ್ಯಂತ ಸ್ಮರಣೀಯರಾಗಿದ್ದಾರೆ. ಇವೆರಡರಷ್ಟೇ ಮಹತ್ವವುಳ್ಳ, ಆದರೆ ಅಷ್ಟಾಗಿ ಪ್ರಸ್ತಾಪಕ್ಕೆ ಬಾರದ ಅವರ ಮತ್ತೊಂದು ಕೊಡುಗೆಯೆಂದರೆ, ಗ್ರಾಮೀಣ ಸ್ಥಳೀಯ ಸಂಸ್ಥೆಗಳಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿರಿಸಿದ್ದು. ಸಂವಿಧಾನದ 73ನೇ ತಿದ್ದುಪಡಿಯು ದೇಶದಾದ್ಯಂತ ಮಹಿಳಾ ಮೀಸಲಾತಿಯನ್ನು ಕಡ್ಡಾಯಗೊಳಿಸುವುದಕ್ಕೆ ಆರು ವರ್ಷ ಮೊದಲೇ, 1987ರಲ್ಲಿ, ಕರ್ನಾಟಕದ ಸಹಸ್ರಾರು ಗ್ರಾಮೀಣ ಮಹಿಳೆಯರು ಚುನಾಯಿತ ಸದಸ್ಯರಾಗಿ ಪಂಚಾಯತಿ ಸಭೆಗಳಲ್ಲಿ ಕುಳಿತಿದ್ದರು. ಈ ಹಿನ್ನೆಲೆಯಲ್ಲಿ ಶ್ರೀಯುತರ ಜೀವನ ಹಾಗೂ ಕಾರ್ಯವನ್ನು ಇಲ್ಲಿ ಸಂಕ್ಷಿಪ್ತವಾಗಿ ನಿರೂಪಿಸಲಾಗಿದೆ.

ಹುಟ್ಟೂರು ಮತ್ತು ಹಿನ್ನೆಲೆ

ನಜೀರ್ ಸಾಬ್ ಅವರು ಗುಂಡ್ಲುಪೇಟೆಯವರು. ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಯ ವ್ಯಾಪ್ತಿಗೆ ಬಂದಿತು. ಬಂಡೀಪುರ ಅರಣ್ಯದ ಅಂಚಿನಲ್ಲಿರುವ, ಕೇರಳ ಮತ್ತು ತಮಿಳುನಾಡು ರಾಜ್ಯಗಳ ಗಡಿಗೆ ಹೊಂದಿಕೊಂಡ ಈ ಪ್ರದೇಶದ ಬಹುಭಾಗ ಮಳೆಯಾಶ್ರಿತ ಬೇಸಾಯವನ್ನೇ ನೆಚ್ಚಿಕೊಂಡಿದೆ. ಒಂದೆಡೆ ದಟ್ಟ ಕಾಡು, ಅದರ ಪಕ್ಕದಲ್ಲೇ ಮಳೆಯ ಕೊರತೆಯಿಂದ ಬಳಲುವ ಹಳ್ಳಿಗಳು ಇರುವುದು ಈ ಸೀಮೆಯ ವೈಶಿಷ್ಟ್ಯ. ಬೇಸಿಗೆಯಲ್ಲಿ ಕೆರೆಬಾವಿಗಳು ಬತ್ತಿದಾಗ ದೂರದಿಂದ ನೀರು ಹೊತ್ತು ತರುವ ಕೆಲಸ ಇಲ್ಲಿಯೂ, ನಾಡಿನ ಇತರೆಡೆಗಳಂತೆ, ಮನೆಯ ಹೆಂಗಸರು ಮತ್ತು ಹೆಣ್ಣುಮಕ್ಕಳ ಪಾಲಿಗೆ ಬರುತ್ತಿತ್ತು.

ಗುಂಡ್ಲುಪೇಟೆಗೆ ಮಹಿಳಾ ನಾಯಕತ್ವದ ದೃಷ್ಟಿಯಿಂದಲೂ ಒಂದು ವಿಶೇಷ ಸ್ಥಾನವಿದೆ. ಶ್ರೀಮತಿ ಕೆ.ಎಸ್. ನಾಗರತ್ನಮ್ಮ ಅವರು 1957ರಲ್ಲಿ ಇದೇ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿ, ಮುಂದೆ ಹಲವು ಬಾರಿ ಇದೇ ಕ್ಷೇತ್ರವನ್ನು ಪ್ರತಿನಿಧಿಸಿ, 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. ಹೀಗಾಗಿ ಮಹಿಳೆಯೊಬ್ಬರು ಚುನಾವಣೆಯಲ್ಲಿ ಗೆದ್ದು ಅಧಿಕಾರ ನಡೆಸುವುದು ನಜೀರ್ ಸಾಬ್ ಅವರ ಹುಟ್ಟೂರಿನ ಜನರಿಗೆ ಹೊಸ ವಿಷಯವಾಗಿರಲಿಲ್ಲ. ಆದರೆ ವಿಧಾನಸಭೆಗೆ ಮಹಿಳೆಯೊಬ್ಬರನ್ನು ಕಳುಹಿಸಿದ ಹಳ್ಳಿಗಳ ಪಂಚಾಯತಿ ಕಟ್ಟೆಯಲ್ಲಿ ಮಹಿಳೆಯರ ಸಂಖ್ಯೆ ಬೆರಳೆಣಿಕೆಯಷ್ಟೇ ಇತ್ತು. ಇದು ಒಂದು ತಾಲ್ಲೂಕಿನ ಸ್ಥಿತಿಯಾಗಿರದೆ ಇಡೀ ರಾಜ್ಯದ ಸ್ಥಿತಿಯಾಗಿತ್ತು.

ನೀರ್ ಸಾಬ್ ಎಂಬ ಹೆಸರು

1983ರ ಜನವರಿಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅಧಿಕಾರಕ್ಕೆ ಬಂದಿತು. ಈ ಅವಧಿಯಲ್ಲಿ ಗ್ರಾಮೀಣಾಭಿವೃದ್ಧಿ ಖಾತೆಯ ಹೊಣೆ ಹೊತ್ತ ನಜೀರ್ ಸಾಬ್ ಅವರ ಮುಂದಿದ್ದ ತುರ್ತು ಸಮಸ್ಯೆ ಕುಡಿಯುವ ನೀರಿನದು. ಎಂಬತ್ತರ ದಶಕದಲ್ಲಿ ರಾಜ್ಯದ ಅನೇಕ ಜಿಲ್ಲೆಗಳು ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾದವು. ಹಳ್ಳಿಹಳ್ಳಿಗೂ ಕೊಳವೆ ಬಾವಿ ಕೊರೆಯುವ ಯಂತ್ರಗಳನ್ನು ಕಳುಹಿಸಿ, ಕೈಪಂಪುಗಳನ್ನು ಅಳವಡಿಸುವ ಕಾರ್ಯವನ್ನು ಅವರು ವ್ಯಾಪಕವಾಗಿ ಕೈಗೊಂಡರು. ಸಚಿವರೇ ಖುದ್ದಾಗಿ ಹಳ್ಳಿಗಳಿಗೆ ಭೇಟಿ ನೀಡಿ ಕೆಲಸದ ಪ್ರಗತಿಯನ್ನು ಪರಿಶೀಲಿಸುತ್ತಿದ್ದರು. ಕೈಪಂಪು ಬಂದ ಊರುಗಳ ಜನ ಅವರಿಗೆ ಇಟ್ಟ ಹೆಸರೇ ನೀರ್ ಸಾಬ್.

ಈ ಕಾರ್ಯದಿಂದ ನೇರವಾಗಿ ಪ್ರಯೋಜನ ಪಡೆದವರು ಗ್ರಾಮೀಣ ಮಹಿಳೆಯರು. ಆದರೆ ಬಾವಿ ಎಲ್ಲಿ ಕೊರೆಯಬೇಕು, ಯಾವ ಕೇರಿಗೆ ಮೊದಲು ನೀರು ಕೊಡಬೇಕು, ಕೆಟ್ಟುಹೋದ ಪಂಪನ್ನು ಯಾರು ದುರಸ್ತಿ ಮಾಡಿಸಬೇಕು ಎಂಬ ತೀರ್ಮಾನಗಳು ತಾಲ್ಲೂಕು ಮತ್ತು ಜಿಲ್ಲಾ ಕಚೇರಿಗಳಲ್ಲಿ ಆಗುತ್ತಿದ್ದವು. ಒಂದು ಪಂಪಿನ ಬಿಡಿಭಾಗಕ್ಕೂ ಹಳ್ಳಿಯವರು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ನೀರು ಹೊರುವವರಿಗೆ ನೀರಿನ ಕುರಿತ ತೀರ್ಮಾನದಲ್ಲಿ ಪಾಲಿರಲಿಲ್ಲ. ಸರ್ಕಾರವು ಎಷ್ಟೇ ಬಾವಿಗಳನ್ನು ಕೊರೆಸಿದರೂ ಅವುಗಳನ್ನು ಉಳಿಸಿಕೊಳ್ಳುವ ಅಧಿಕಾರ ಮತ್ತು ಹಣ ಸ್ಥಳೀಯರ ಕೈಯಲ್ಲಿರದಿದ್ದರೆ ಪ್ರಯೋಜನ ಶಾಶ್ವತವಾಗದು ಎಂಬುದು ನಜೀರ್ ಸಾಬ್ ಅವರ ನಿಲುವಾಗಿತ್ತು. ಅವರ ನೀರಿನ ಕೆಲಸವನ್ನೂ ಪಂಚಾಯತಿ ಸುಧಾರಣೆಯನ್ನೂ ಜೋಡಿಸುವ ಎಳೆ ಇದೇ ಆಗಿದೆ.

ಹಿಂದಿನ ವ್ಯವಸ್ಥೆಯಲ್ಲಿ ಮಹಿಳೆಯರ ಸ್ಥಿತಿ

ಏಕೀಕರಣದ ನಂತರ ರಾಜ್ಯದಲ್ಲಿ ಜಾರಿಗೆ ಬಂದ 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮದನ್ವಯ ಗ್ರಾಮ ಪಂಚಾಯತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ ಮತ್ತು ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳಿದ್ದವು. ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅದು ಸಲಹಾ ಸ್ವರೂಪದ್ದಾಗಿತ್ತು. ಗ್ರಾಮ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಮೀಸಲಾಗಿದ್ದುದು ಎರಡು ಸ್ಥಾನಗಳು ಮಾತ್ರ. ಚುನಾವಣೆಗಳು ಸಕಾಲಕ್ಕೆ ನಡೆಯುತ್ತಿರಲಿಲ್ಲ, ಸಂಪನ್ಮೂಲವೂ ಅತ್ಯಲ್ಪವಾಗಿತ್ತು.

ರಾಷ್ಟ್ರಮಟ್ಟದಲ್ಲಿಯೂ ಪರಿಸ್ಥಿತಿ ಭಿನ್ನವಾಗಿರಲಿಲ್ಲ. 1957ರ ಬಲವಂತರಾಯ್ ಮೆಹ್ತಾ ಸಮಿತಿಯು ಮಹಿಳೆ ಮತ್ತು ಮಕ್ಕಳ ಕಲ್ಯಾಣದಲ್ಲಿ ಆಸಕ್ತಿಯುಳ್ಳ ಇಬ್ಬರು ಮಹಿಳೆಯರನ್ನು ಸಹಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೆಂದು ಸಲಹೆ ನೀಡಿತ್ತು. ಮಹಿಳೆಯರ ಸ್ಥಾನಮಾನ ಕುರಿತ ರಾಷ್ಟ್ರೀಯ ಸಮಿತಿಯು 1974ರಲ್ಲಿ ಸಲ್ಲಿಸಿದ ವರದಿಯಲ್ಲಿ ಗ್ರಾಮ ಮಟ್ಟದಲ್ಲಿ ಪ್ರತ್ಯೇಕ ಮಹಿಳಾ ಪಂಚಾಯತಿಗಳ ರಚನೆಯನ್ನು ಸೂಚಿಸಿತು. 1978ರ ಅಶೋಕ್ ಮೆಹ್ತಾ ಸಮಿತಿಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಎಂಬ ಎರಡು ಹಂತಗಳ ವ್ಯವಸ್ಥೆಯನ್ನು ಶಿಫಾರಸು ಮಾಡಿತಾದರೂ, ಮಹಿಳೆಯರ ವಿಷಯದಲ್ಲಿ ಅತಿ ಹೆಚ್ಚು ಮತ ಪಡೆದ ಇಬ್ಬರಿಗೆ ಸ್ಥಾನ ನೀಡುವ ಸಲಹೆಗೇ ಸೀಮಿತಗೊಂಡಿತು. ಒಟ್ಟಿನಲ್ಲಿ ಮೂರು ದಶಕಗಳ ಕಾಲ ಪಂಚಾಯತಿಯಲ್ಲಿ ಮಹಿಳೆಯೆಂದರೆ ಇಬ್ಬರು ಸದಸ್ಯರು ಎಂಬ ಲೆಕ್ಕವೇ ನಡೆದುಬಂದಿತ್ತು. ಈ ಇಬ್ಬರೂ ಸಾಮಾನ್ಯವಾಗಿ ಊರಿನ ಪ್ರಭಾವಿ ಮನೆತನಗಳಿಗೆ ಸೇರಿದವರಾಗಿರುತ್ತಿದ್ದು, ಸಭೆಗೆ ಬರುವುದೇ ಅಪರೂಪವಾಗಿತ್ತು.

1983ರ ಅಧಿನಿಯಮ

ಅಧಿಕಾರ ವಹಿಸಿಕೊಂಡ ಮೊದಲ ವರ್ಷದಲ್ಲಿಯೇ ನಜೀರ್ ಸಾಬ್ ಅವರು ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತಿ ಸಮಿತಿಗಳು, ಮಂಡಲ ಪಂಚಾಯತಿಗಳು ಮತ್ತು ನ್ಯಾಯ ಪಂಚಾಯತಿಗಳ ವಿಧೇಯಕವನ್ನು ರೂಪಿಸಿ ಶಾಸನಸಭೆಯ ಮುಂದೆ ತರುವಲ್ಲಿ ಪ್ರಮುಖ ಪಾತ್ರ ವಹಿಸಿದರು. ಗಾಂಧೀಜಿಯವರ ಗ್ರಾಮ ಸ್ವರಾಜ್ಯ ಹಾಗೂ ಡಾ. ರಾಮಮನೋಹರ ಲೋಹಿಯಾ ಅವರ ಚತುಸ್ತಂಭ ರಾಜ್ಯದ ಚಿಂತನೆಗಳ ಪ್ರಭಾವ ಈ ಶಾಸನದಲ್ಲಿ ಕಂಡುಬರುತ್ತದೆ. ಅದರ ಮುಖ್ಯಾಂಶಗಳು ಇಂತಿವೆ:

• ಬಯಲುಸೀಮೆಯಲ್ಲಿ ಸುಮಾರು 8,000ದಿಂದ 12,000 ಜನಸಂಖ್ಯೆಗೆ ಒಂದರಂತೆ ಮಂಡಲ ಪಂಚಾಯತಿಗಳ ರಚನೆ. ಮಲೆನಾಡಿನಲ್ಲಿ ಇದಕ್ಕಿಂತ ಕಡಿಮೆ ಜನಸಂಖ್ಯೆಗೂ ಅವಕಾಶ.
• ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತು ಎರಡಕ್ಕೂ ಜನರಿಂದ ನೇರ ಚುನಾವಣೆ; ತಾಲ್ಲೂಕು ಪಂಚಾಯತಿ ಸಮಿತಿಗೆ ಸಮನ್ವಯ ಮತ್ತು ಸಲಹೆಯ ಕಾರ್ಯ.
• ಎರಡೂ ಚುನಾಯಿತ ಹಂತಗಳಲ್ಲಿ ಶೇಕಡ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೂ ಮೀಸಲಾತಿ.
• ಮತದಾರರೆಲ್ಲರೂ ಸೇರುವ ಗ್ರಾಮಸಭೆಗೆ ಶಾಸನಬದ್ಧ ಸ್ಥಾನ.
• ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಜಿಲ್ಲಾಧಿಕಾರಿಗಳಿಗಿಂತ ಹಿರಿಯರಾದ ಅಧಿಕಾರಿಯೊಬ್ಬರು ಪರಿಷತ್ತಿನ ಮುಖ್ಯ ಕಾರ್ಯದರ್ಶಿ.
• ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ನೀರು ಪೂರೈಕೆ ಮುಂತಾದ ಅಭಿವೃದ್ಧಿ ಕಾರ್ಯಗಳು ಸಿಬ್ಬಂದಿ ಮತ್ತು ಅನುದಾನಸಹಿತ ಜಿಲ್ಲಾ ಪರಿಷತ್ತಿಗೆ ವರ್ಗಾವಣೆ.

ಮಹಿಳಾ ಮೀಸಲಾತಿಯ ದೃಷ್ಟಿಯಿಂದ ಈ ಶಾಸನದ ಮಹತ್ವ ಎರಡು ಬಗೆಯದು. ಮೊದಲನೆಯದಾಗಿ, ಎರಡು ಸ್ಥಾನಗಳೆಂಬ ನಿಗದಿತ ಸಂಖ್ಯೆಯ ಬದಲಿಗೆ ಒಟ್ಟು ಸ್ಥಾನಗಳ ನಾಲ್ಕನೆಯ ಒಂದು ಭಾಗ ಎಂಬ ಪ್ರಮಾಣವು ಬಂದಿತು. ಸಭೆಯಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮೌನವಾಗಿರುವ ಸದಸ್ಯೆಯರು ಐದಾರು ಮಂದಿ ಒಟ್ಟಿಗೆ ಇದ್ದಾಗ ಮಾತನಾಡಲು ಧೈರ್ಯ ತಾಳುತ್ತಾರೆ. ಎರಡನೆಯದಾಗಿ, ಈ ಸ್ಥಾನಗಳನ್ನು ಚುನಾವಣೆಯ ಮೂಲಕವೇ ತುಂಬಬೇಕಾಗಿತ್ತು. ಯಾರದೋ ಕೃಪೆಯಿಂದ ನಾಮಕರಣಗೊಂಡ ಸದಸ್ಯೆಗೂ ಮತ ಕೇಳಿ ಗೆದ್ದು ಬಂದ ಸದಸ್ಯೆಗೂ ಇರುವ ವ್ಯತ್ಯಾಸ ಅಲ್ಪವಾದುದಲ್ಲ. ಗೆದ್ದ ಸದಸ್ಯೆಯು ಮತದಾರರಿಗೆ ಉತ್ತರದಾಯಿಯೇ ಹೊರತು ನಾಮಕರಣ ಮಾಡಿದವರಿಗಲ್ಲ.

ಶಾಸನದ ಹಾದಿ ಸುಗಮವಾಗಿರಲಿಲ್ಲ. ಜಿಲ್ಲೆಗಳಲ್ಲಿ ಹೊಸ ಅಧಿಕಾರ ಕೇಂದ್ರಗಳು ಹುಟ್ಟಿಕೊಂಡರೆ ತಮ್ಮ ಪ್ರಭಾವ ಕುಗ್ಗುತ್ತದೆಂಬ ಆತಂಕ ಅನೇಕ ಶಾಸಕರಲ್ಲಿತ್ತು, ಅಧಿಕಾರಿವರ್ಗದಲ್ಲಿಯೂ ಹಿಂಜರಿಕೆಯಿತ್ತು. ವಿಧೇಯಕಕ್ಕೆ ರಾಷ್ಟ್ರಪತಿಯವರ ಅಂಕಿತ ದೊರೆಯಲು ಸುಮಾರು ಎರಡು ವರ್ಷಗಳು ಹಿಡಿದು, 1985ರಲ್ಲಿ ಅನುಮತಿ ಲಭಿಸಿತು. ಈ ಅವಧಿಯಲ್ಲಿ ನಜೀರ್ ಸಾಬ್ ಅವರು ಮುಖ್ಯಮಂತ್ರಿಗಳ ಬೆಂಬಲದೊಂದಿಗೆ ಸಹೋದ್ಯೋಗಿಗಳ ಮನವೊಲಿಸುತ್ತಾ, ಶಾಸನದ ಮೂಲ ಆಶಯವು ಸಡಿಲಗೊಳ್ಳದಂತೆ ನೋಡಿಕೊಂಡರು.

1987ರ ಚುನಾವಣೆ

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ಅದೇ ವರ್ಷದ ಏಪ್ರಿಲ್‌ನಿಂದ ಹೊಸ ಸಂಸ್ಥೆಗಳು ಕಾರ್ಯಾರಂಭ ಮಾಡಿದವು. ಸುಮಾರು ಎರಡೂವರೆ ಸಾವಿರ ಮಂಡಲ ಪಂಚಾಯತಿಗಳಿಗೆ ಸುಮಾರು 55 ಸಾವಿರ ಸದಸ್ಯರು ಚುನಾಯಿತರಾದರು. ಇವರಲ್ಲಿ ಮಹಿಳೆಯರ ಸಂಖ್ಯೆ ಸುಮಾರು 14 ಸಾವಿರ. ಚುನಾವಣೆಯು ಪಕ್ಷಾಧಾರಿತವಾಗಿದ್ದುದರಿಂದ ಎಲ್ಲ ಪಕ್ಷಗಳೂ ಮಹಿಳಾ ಅಭ್ಯರ್ಥಿಗಳನ್ನು ಹುಡುಕಿ ಕಣಕ್ಕಿಳಿಸುವುದು ಅನಿವಾರ್ಯವಾಯಿತು. ಅರ್ಹ ಮಹಿಳೆಯರು ಇಷ್ಟು ಸಂಖ್ಯೆಯಲ್ಲಿ ಸಿಗಲಾರರೆಂಬ ಶಂಕೆ ಹುಸಿಯಾಯಿತು.

ಹಲವು ಜಿಲ್ಲೆಗಳಲ್ಲಿ ಆಡಳಿತ ಪಕ್ಷವು ಸೋತು ವಿರೋಧ ಪಕ್ಷದವರು ಜಿಲ್ಲಾ ಪರಿಷತ್ತಿನ ಅಧಿಕಾರ ಹಿಡಿದರು. ಅಂತಹ ಜಿಲ್ಲೆಗಳಿಗೂ ಶಾಸನಾನುಸಾರ ಅಧಿಕಾರ ಮತ್ತು ಅನುದಾನ ಹಸ್ತಾಂತರವಾದುದು ಈ ಸುಧಾರಣೆಯ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ.

ಮೊದಲ ವರ್ಷಗಳ ಅನುಭವ

ಆಯ್ಕೆಯಾದ ಮಹಿಳೆಯರಲ್ಲಿ ಬಹುಪಾಲು ಮಂದಿಗೆ ಇದು ಮೊದಲ ಸಾರ್ವಜನಿಕ ಹುದ್ದೆಯಾಗಿತ್ತು. ಅನೇಕರು ಅನಕ್ಷರಸ್ಥರು, ಕೃಷಿ ಕೂಲಿ ಮಾಡಿ ಬದುಕುತ್ತಿದ್ದವರೂ ಇದ್ದರು. ಸಭೆಗೆ ಬಂದರೆ ಆ ದಿನದ ಕೂಲಿ ತಪ್ಪುತ್ತಿತ್ತು. ಮಂಡಲ ಕೇಂದ್ರವು ಐದಾರು ಮೈಲಿ ದೂರವಿದ್ದಲ್ಲಿ ಬಸ್ಸಿನ ಸೌಕರ್ಯವಿರುತ್ತಿರಲಿಲ್ಲ; ಸಭೆ ಮುಗಿಯುವ ವೇಳೆಗೆ ಕತ್ತಲಾದರೆ ಮನೆ ಸೇರುವುದು ಕಷ್ಟವಾಗಿತ್ತು. ಕೆಲವೆಡೆ ನಡವಳಿ ಪುಸ್ತಕವನ್ನು ಮನೆಗೆ ಕಳುಹಿಸಿ ಸದಸ್ಯೆಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯುವ ಪರಿಪಾಠ ಬೆಳೆಯಿತು. ಪತಿ, ಮಗ ಅಥವಾ ಮೈದುನ ಸಭೆಗೆ ಬಂದು ಅವರ ಪರವಾಗಿ ಮಾತನಾಡುವುದೂ ಇತ್ತು.

ಕಾಗದದ ಮೇಲೆ ಹಾಜರಾತಿ ಪೂರ್ಣವಾಗಿದ್ದು, ವಾಸ್ತವದಲ್ಲಿ ಆಸನ ಖಾಲಿಯಿರುವ ಈ ಸ್ಥಿತಿಯನ್ನು ತೋರಿಸಿ ಮೀಸಲಾತಿಯೇ ನಿರರ್ಥಕವೆಂದು ವಾದಿಸಿದವರಿದ್ದರು. ಆದರೆ ಇದು ಚಿತ್ರದ ಒಂದು ಮುಖ ಮಾತ್ರ. ಅವಧಿ ಮುಂದುವರಿದಂತೆ ಸಭೆಗೆ ತಾವೇ ಬರತೊಡಗಿದ ಸದಸ್ಯೆಯರ ಸಂಖ್ಯೆ ಹೆಚ್ಚಿತು. ಅವರು ಎತ್ತಿದ ವಿಷಯಗಳು ಸರಳವಾದರೂ ನಿತ್ಯ ಜೀವನಕ್ಕೆ ಸಂಬಂಧಿಸಿದವು: ಕೆಟ್ಟಿರುವ ಕೈಪಂಪು, ಕೇರಿಯ ಬೀದಿದೀಪ, ಚರಂಡಿ, ಶಾಲೆಗೆ ಬಾರದ ಶಿಕ್ಷಕರು, ಆರೋಗ್ಯ ಕೇಂದ್ರದಲ್ಲಿ ಸಿಗದ ಔಷಧಿ, ಅಂಗನವಾಡಿಯ ಆಹಾರ. ಹಣ ಬಿಡುಗಡೆ ಮತ್ತು ದುರಸ್ತಿಯ ತೀರ್ಮಾನ ಮಂಡಲ ಹಾಗೂ ಜಿಲ್ಲಾ ಮಟ್ಟದಲ್ಲಿಯೇ ಆಗುತ್ತಿದ್ದುದರಿಂದ ಇಂತಹ ಪ್ರಶ್ನೆಗಳಿಗೆ ಉತ್ತರ ನೀಡುವುದು ಅಧಿಕಾರಿಗಳಿಗೆ ಅನಿವಾರ್ಯವಾಯಿತು.

ಭಾರತೀಯ ರಿಸರ್ವ್ ಬ್ಯಾಂಕಿನ ಮಾಜಿ ಉಪ ಗವರ್ನರ್ ಶ್ರೀ ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯ ಮೌಲ್ಯಮಾಪನ ಸಮಿತಿಯು ಹೊಸ ವ್ಯವಸ್ಥೆಯ ಕಾರ್ಯವೈಖರಿಯನ್ನು ಪರಿಶೀಲಿಸಿ 1989ರಲ್ಲಿ ವರದಿ ಸಲ್ಲಿಸಿತು. ಹೊಸ ವ್ಯವಸ್ಥೆಯಡಿ ಗ್ರಾಮಾಂತರ ಶಾಲೆ ಹಾಗೂ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಹಾಜರಾತಿ ಸುಧಾರಿಸಿದ್ದನ್ನು ಆ ಕಾಲದ ಅಧ್ಯಯನಗಳು ಗುರುತಿಸಿವೆ.

ಶಾಸನದಲ್ಲಿ ಒಂದು ಮುಖ್ಯ ಕೊರತೆಯೂ ಇತ್ತು. ಮಹಿಳೆಯರಿಗೆ ಸದಸ್ಯ ಸ್ಥಾನಗಳನ್ನು ಮೀಸಲಿರಿಸಲಾಗಿತ್ತೇ ಹೊರತು ಮಂಡಲ ಪ್ರಧಾನರ ಅಥವಾ ಜಿಲ್ಲಾ ಪರಿಷತ್ತಿನ ಅಧ್ಯಕ್ಷರ ಹುದ್ದೆಗಳನ್ನಲ್ಲ. ಸಭೆಯ ಕಾರ್ಯಸೂಚಿಯನ್ನು ನಿರ್ಧರಿಸುವವರು ಪ್ರಧಾನರು. ಆ ಕುರ್ಚಿಯಲ್ಲಿ ಮಹಿಳೆಯರು ಕುಳಿತದ್ದು ವಿರಳ. ಹೀಗಾಗಿ ಭಾಗವಹಿಸುವಿಕೆ ಆರಂಭವಾದರೂ ನಾಯಕತ್ವದ ಬಾಗಿಲು ಪೂರ್ಣವಾಗಿ ತೆರೆದಿರಲಿಲ್ಲ.

ಅಂತಿಮ ದಿನಗಳು ಮತ್ತು ಹಿನ್ನಡೆ

ಹೊಸ ಸಂಸ್ಥೆಗಳು ಕಾರ್ಯಾರಂಭ ಮಾಡಿ ಎರಡು ವರ್ಷ ತುಂಬುವ ಮೊದಲೇ, 1988ರಲ್ಲಿ, ನಜೀರ್ ಸಾಬ್ ಅವರು ಕ್ಯಾನ್ಸರ್ ರೋಗದಿಂದ ನಿಧನರಾದರು. ತಾವು ನೆಟ್ಟ ಸಸಿ ಬೇರೂರುವುದನ್ನು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಅವರ ಅಗಲಿಕೆಯಿಂದ ವಿಕೇಂದ್ರೀಕರಣದ ಪರವಾಗಿ ಸಚಿವ ಸಂಪುಟದೊಳಗೆ ಗಟ್ಟಿಯಾಗಿ ನಿಲ್ಲುತ್ತಿದ್ದ ಧ್ವನಿಯೊಂದು ಇಲ್ಲವಾಯಿತು.

ಮುಂದಿನ ವರ್ಷಗಳಲ್ಲಿ ಸಂಸ್ಥೆಗಳ ಬಲ ಕುಂದಿತು. 1992ರಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದಾಗ ಕೂಡಲೇ ಚುನಾವಣೆ ನಡೆಯದೆ, ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಐದು ವರ್ಷಗಳಲ್ಲಿ ಅನುಭವ ಗಳಿಸಿದ್ದ ಸಹಸ್ರಾರು ಮಹಿಳಾ ಸದಸ್ಯರು ಏಕಕಾಲಕ್ಕೆ ಮನೆಗೆ ಮರಳಬೇಕಾಯಿತು. ರಾಜ್ಯದ ಶಾಸನವೊಂದನ್ನೇ ಅವಲಂಬಿಸಿದ ಸುಧಾರಣೆಯು ಸರ್ಕಾರದ ಇಚ್ಛೆ ಬದಲಾದಾಗ ನಿಂತುಹೋಗಬಹುದು, ಆದ್ದರಿಂದ ಅದಕ್ಕೆ ಸಂವಿಧಾನದ ರಕ್ಷಣೆ ಅಗತ್ಯ ಎಂಬುದನ್ನು ಈ ಹಿನ್ನಡೆ ಮನದಟ್ಟು ಮಾಡಿಕೊಟ್ಟಿತು.

ಸಂವಿಧಾನದ 73ನೇ ತಿದ್ದುಪಡಿ ಮತ್ತು ನಂತರದ ಬೆಳವಣಿಗೆ

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಪಂಚಾಯತಿಗಳಿಗೆ ಐದು ವರ್ಷಗಳ ನಿಶ್ಚಿತ ಅವಧಿ, ನಿಯತ ಚುನಾವಣೆ ಹಾಗೂ ಮಹಿಳೆಯರಿಗೆ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮೀಸಲಾತಿಯನ್ನು ಖಾತ್ರಿಪಡಿಸಿತು. ಸದಸ್ಯ ಸ್ಥಾನಗಳ ಜೊತೆಗೆ ಅಧ್ಯಕ್ಷ ಹುದ್ದೆಗಳಿಗೂ ಈ ಮೀಸಲಾತಿ ಅನ್ವಯವಾಯಿತು. ಕರ್ನಾಟಕದ ಹಿಂದಿನ ಶಾಸನದಲ್ಲಿದ್ದ ಕೊರತೆ ಹೀಗೆ ನಿವಾರಣೆಯಾಯಿತು. ತಿದ್ದುಪಡಿಯ ಪೂರ್ವಭಾವಿ ಚರ್ಚೆಗಳಲ್ಲಿ ಕರ್ನಾಟಕದ ಅನುಭವವನ್ನು ಮುಖ್ಯ ನಿದರ್ಶನವಾಗಿ ಪರಿಗಣಿಸಲಾಗಿತ್ತು.

ಇದಕ್ಕೆ ಅನುಗುಣವಾಗಿ ರೂಪುಗೊಂಡ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು 1993ರ ಮೇ 10ರಂದು ಜಾರಿಗೆ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಮಹಿಳೆಯರು ತಮಗೆ ಮೀಸಲಾದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಸ್ಥಾನಗಳನ್ನು ಗೆದ್ದರು. ಅಂದರೆ ಸಾಮಾನ್ಯ ಸ್ಥಾನಗಳಲ್ಲಿಯೂ ಪುರುಷರ ಎದುರು ಸ್ಪರ್ಧಿಸಿ ಜಯ ಗಳಿಸಿದವರಿದ್ದರು. 1987ರ ಮೊದಲ ಪ್ರಯೋಗವು ಜನರ ಮನಸ್ಸನ್ನು ಹದಗೊಳಿಸಿದ್ದುದು ಇದಕ್ಕೆ ಒಂದು ಕಾರಣವೆನ್ನಬಹುದು. 2010ರಲ್ಲಿ ರಾಜ್ಯವು ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಶೇಕಡ 50ಕ್ಕೆ ಏರಿಸಿತು.

ತರಬೇತಿ ಮತ್ತು ಸ್ಮರಣೆ

ಸ್ಥಾನ ದೊರೆತ ಮಾತ್ರಕ್ಕೆ ಅಧಿಕಾರ ಕೈಗೆ ಬಂದಂತಾಗುವುದಿಲ್ಲ. ಆಯವ್ಯಯ ಅಂದಾಜು ಓದಲು, ಕ್ರಿಯಾ ಯೋಜನೆಯಲ್ಲಿ ತಮ್ಮ ವಾರ್ಡಿನ ಕಾಮಗಾರಿ ಸೇರಿದೆಯೇ ಎಂದು ನೋಡಲು, ಚೆಕ್ಕಿಗೆ ಸಹಿ ಹಾಕುವ ಮೊದಲು ಬಿಲ್ಲು ಮತ್ತು ಅಳತೆ ಪುಸ್ತಕವನ್ನು ಪರಿಶೀಲಿಸಲು ಸದಸ್ಯರಿಗೆ ತಿಳಿದಿರಬೇಕು. ಈ ಜ್ಞಾನವಿಲ್ಲದ ಅಧ್ಯಕ್ಷೆಯು ಇತರರ ಮಾತನ್ನೇ ನಂಬಬೇಕಾಗುತ್ತದೆ. ಸಹಿ ಅವರದಾದ್ದರಿಂದ ಲೆಕ್ಕಪರಿಶೋಧನೆಯಲ್ಲಿ ಬರುವ ಆಕ್ಷೇಪಣೆಗೆ ಉತ್ತರಿಸಬೇಕಾದವರೂ ಅವರೇ ಆಗಿರುತ್ತಾರೆ.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಇಡಲಾಗಿರುವುದು ಅರ್ಥಪೂರ್ಣವಾಗಿದೆ. ಚುನಾಯಿತ ಪ್ರತಿನಿಧಿಗಳಿಗೂ ಅಧಿಕಾರಿಗಳಿಗೂ ಈ ಸಂಸ್ಥೆಯು ತರಬೇತಿ ನೀಡುತ್ತಾ ಬಂದಿದೆ. 2000ರ ದಶಕದಲ್ಲಿ ಉಪಗ್ರಹ ಆಧಾರಿತ ಕಾರ್ಯಕ್ರಮಗಳ ಮೂಲಕ ಏಕಕಾಲಕ್ಕೆ ಅನೇಕ ತಾಲ್ಲೂಕುಗಳ ಸದಸ್ಯರನ್ನು ತಲುಪುವ ವ್ಯವಸ್ಥೆಯನ್ನೂ ಸಂಸ್ಥೆಯು ರೂಪಿಸಿತು. ಮನೆ ಬಿಟ್ಟು ಹಲವು ದಿನ ಮೈಸೂರಿಗೆ ಬರಲು ಸಾಧ್ಯವಾಗದ ಸದಸ್ಯೆಯರಿಗೆ ತಾಲ್ಲೂಕು ಕೇಂದ್ರದಲ್ಲಿಯೇ ಪಾಠ ಕೇಳುವ, ಪ್ರಶ್ನೆ ಕೇಳುವ ಅನುಕೂಲ ಇದರಿಂದ ಒದಗಿತು.

ಉಪಸಂಹಾರ

ನಜೀರ್ ಸಾಬ್ ಅವರು ಸಚಿವರಾಗಿದ್ದ ಅವಧಿ ಆರು ವರ್ಷಗಳಿಗೂ ಕಡಿಮೆ. ಈ ಅಲ್ಪಾವಧಿಯಲ್ಲಿ ಅವರು ಹಳ್ಳಿಗೆ ನೀರು ತಂದರು. ಆ ನೀರಿನ ಬಗ್ಗೆ ತೀರ್ಮಾನ ಕೈಗೊಳ್ಳುವ ಸಭೆಗೆ ಹಳ್ಳಿಯ ಮಹಿಳೆಯನ್ನೂ ಕರೆತಂದರು. ಇಬ್ಬರು ಸದಸ್ಯೆಯರೆಂಬ ಲೆಕ್ಕವು ನಾಲ್ಕನೆಯ ಒಂದು ಭಾಗಕ್ಕೆ ಏರಿದ ನಂತರ, ಅದು ಮೂರನೆಯ ಒಂದು ಭಾಗಕ್ಕೂ ಅರ್ಧಕ್ಕೂ ಬೆಳೆಯುವುದು ಸಾಧ್ಯವಾಯಿತು. ಉಳಿದಿರುವ ಕಾರ್ಯವೆಂದರೆ, ಮೀಸಲು ಸ್ಥಾನದಲ್ಲಿ ಆಯ್ಕೆಯಾದ ಪ್ರತಿಯೊಬ್ಬ ಸದಸ್ಯೆಯೂ ತಾನೇ ಸಭೆಗೆ ಬಂದು, ತಾನೇ ಮಾತನಾಡಿ, ಓದಿ ತಿಳಿದು ಸಹಿ ಹಾಕುವಂತಾಗುವುದು. ಗ್ರಾಮಸಭೆಗಳಲ್ಲಿ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿ ತಮ್ಮ ಪ್ರತಿನಿಧಿಗಳಿಗೆ ಬೆಂಬಲವಾಗಿ ನಿಲ್ಲುವುದು, ಕುಟುಂಬದ ಸದಸ್ಯರು ಅವರ ಅಧಿಕಾರದಲ್ಲಿ ಹಸ್ತಕ್ಷೇಪ ಮಾಡದಿರುವುದು ಹಾಗೂ ಪಂಚಾಯತಿ ಸಿಬ್ಬಂದಿಯು ಅವರಿಗೆ ದಾಖಲೆಗಳನ್ನು ತಾಳ್ಮೆಯಿಂದ ವಿವರಿಸುವುದು ಈ ನಿಟ್ಟಿನಲ್ಲಿ ಅಗತ್ಯವಾಗಿದೆ. ಇದು ನೆರವೇರಿದಲ್ಲಿ ದಿವಂಗತ ಅಬ್ದುಲ್ ನಜೀರ್ ಸಾಬ್ ಅವರ ಆಶಯವು ಪೂರ್ಣವಾಗಿ ಈಡೇರಿದಂತಾಗುತ್ತದೆ.